ಮುಂಬೈಯ ಎಂಪ್ರೆಸ್ಸೋ, ಸಿಂಗಪುರದ ಜೆಂಟಿಂಗ್ ಡ್ರೀಮೋ?

ಕ್ರೂಸ್ ಹತ್ತಬೇಕೆಂಬ ಆಸೆ ಈಗ ನಮ್ಮ ಸಾಮಾನ್ಯ ಸಂಬಳದ ಮನೆಗಳಿಗೂ ಬಂದಿದೆ. ಅಪ್ಪನ ಅರವತ್ತು, ಮಕ್ಕಳ ಬೇಸಿಗೆ ರಜೆ, ಮದುವೆಯ ಇಪ್ಪತ್ತೈದನೇ ವರ್ಷ, ನೆಪ ಯಾವುದಾದರೂ ಇರಲಿ, ಟ್ರಾವೆಲ್ ಏಜೆಂಟರಿಗೆ ಫೋನ್ ಮಾಡಿದರೆ ಸಂಜೆಯೊಳಗೆ ವಾಟ್ಸ್‌ಆ್ಯಪ್‌ಗೆ ಎರಡು ಕೊಟೇಶನ್ ಬಂದು ಬೀಳುತ್ತವೆ. ಒಂದು, ಮುಂಬೈಯಿಂದ ಹೊರಟು ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಹೋಗಿಬರುವ ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’. ಇನ್ನೊಂದು, ಸಿಂಗಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಕಡೆ ಹೋಗಿಬರುವ ‘ಜೆಂಟಿಂಗ್ ಡ್ರೀಮ್’. ಎರಡರ ಚಿತ್ರದಲ್ಲೂ ನೀಲಿ ಸಮುದ್ರ, ಬಿಳಿ ಹಡಗು, ಈಜುಕೊಳದ ಪಕ್ಕ ನಗುವ ಕುಟುಂಬ. ಕೆಳಗೆ ತಲೆಗಿಷ್ಟು ಎಂಬ ದರ. ಮನೆಯಲ್ಲಿ ಚರ್ಚೆ ಶುರುವಾಗುವುದೂ ಮುಗಿಯುವುದೂ ಆ ದರದ ಮೇಲೆಯೇ.

ಆ ದರವನ್ನು ಕೊನೆಗೆ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೋಟೆಲ್ ಹಿಡಿಸದಿದ್ದರೆ ಮರುದಿನ ಬೇರೆ ಹೋಟೆಲಿಗೆ ಹೋಗಬಹುದು. ಹಡಗು ದಕ್ಕೆ ಬಿಟ್ಟಮೇಲೆ ಅದೇ ನಿಮ್ಮ ಊರು, ಅದೇ ಮನೆ, ಅದೇ ಊಟದ ಸಾಲು. ಹಾಗಾಗಿ ಹೋಗುವವರು ಯಾರು, ಅವರಲ್ಲಿ ಒಬ್ಬೊಬ್ಬರ ಪಾಲಿಗೆ ಬರುವ ಜಾಗ, ಹೊತ್ತು, ನೆಮ್ಮದಿ ಎಷ್ಟು ಎಂದು ಭಾಗಿಸಿ ನೋಡದ ಹೊರತು ಎರಡು ಹಡಗುಗಳನ್ನು ಹೋಲಿಸಿದಂತೆ ಆಗುವುದಿಲ್ಲ.

ಎರಡರ ಹುಟ್ಟಿನಿಂದ ಶುರುಮಾಡೋಣ. ಒಳಗಿನ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ.

ಎಂಪ್ರೆಸ್ ಕಟ್ಟಿದ್ದು ಫ್ರಾನ್ಸಿನ ಸೇಂಟ್ ನಜೇರ್‌ನ ಹಡಗುಕಟ್ಟೆಯಲ್ಲಿ. ಮುಂದೆ ‘ಕ್ವೀನ್ ಮೇರಿ 2’ ಹಡಗನ್ನು ಕಟ್ಟಿದ್ದೂ ಅಲ್ಲೇ. 1990ರಲ್ಲಿ ಕೆಲಸ ಶುರುಮಾಡಿದಾಗ ಇದರ ಹೆಸರು ‘ನಾರ್ಡಿಕ್ ಎಂಪ್ರೆಸ್’. ರಾಯಲ್ ಕೆರಿಬಿಯನ್ ಕಂಪನಿ ಇದನ್ನು ಮಯಾಮಿಯಿಂದ ಬಹಾಮಾಸ್‌ಗೆ ಮೂರು, ನಾಲ್ಕು ರಾತ್ರಿಯ ಕಿರು ಪ್ರವಾಸಕ್ಕೆಂದೇ ಓಡಿಸಿತು. 2004ರಲ್ಲಿ ‘ಎಂಪ್ರೆಸ್ ಆಫ್ ದಿ ಸೀಸ್’ ಆಯಿತು. 2008ರಲ್ಲಿ ಸ್ಪೇನಿನ ಪುಲ್‌ಮಂತೂರ್ ಕಂಪನಿಗೆ ಹೋಯಿತು. 2016ರಲ್ಲಿ ಹಳೆಯ ಒಡೆಯರಿಗೇ ಮರಳಿ ಮರುವರ್ಷ ಕ್ಯೂಬಾ ಪ್ರವಾಸಕ್ಕೆ ತೊಡಗಿತು. ಕೋವಿಡ್ ಬಂದು ಹಡಗುಗಳೆಲ್ಲ ನಿಂತಾಗ, 2020ರ ಕೊನೆಗೆ ಇದನ್ನು ಮಾರಿದರು. 2021ರ ಸೆಪ್ಟೆಂಬರಿನಲ್ಲಿ ಮುಂಬೈಯಲ್ಲಿ ಹೊಸ ಬಾಳು ಶುರುವಾಯಿತು.

ಜೆಂಟಿಂಗ್ ಡ್ರೀಮ್ ಹುಟ್ಟಿದ್ದು ಜರ್ಮನಿಯ ಪಾಪೆನ್‌ಬುರ್ಗ್‌ನಲ್ಲಿ, ಮೆಯರ್ ಕಟ್ಟೆಯಲ್ಲಿ. ಪಾಪೆನ್‌ಬುರ್ಗ್ ಸಮುದ್ರತೀರದ ಊರಲ್ಲ. ಸೂರಿನಡಿ ಕಟ್ಟಿದ ದೈತ್ಯ ಹಡಗುಗಳನ್ನು ಎಮ್ಸ್ ನದಿಯ ಕಿರಿದಾದ ಪಾತ್ರದಲ್ಲಿ ಹಿಮ್ಮುಖವಾಗಿ, ಇಂಚಿಂಚಾಗಿ ಸಮುದ್ರಕ್ಕೆ ಸಾಗಿಸುತ್ತಾರೆ. ಅದನ್ನು ನೋಡಲು ದಂಡೆಯುದ್ದಕ್ಕೂ ಜನ ಸೇರುತ್ತಾರೆ. 2016ರಲ್ಲಿ ಹೊರಬಂದ ಈ ಹಡಗು ಮೊದಲು ಕಣ್ಣಿಟ್ಟದ್ದು ಚೀನಾದ ಪ್ರವಾಸಿಗರ ಮೇಲೆ. ಹೊರಮೈಮೇಲೆ ಮತ್ಸ್ಯಕನ್ಯೆ ಮತ್ತು ಗಗನಯಾತ್ರಿಯ ಪ್ರೇಮದ ದೊಡ್ಡ ಚಿತ್ರವಿದೆ. ಬಿಡಿಸಿದವರು ಚೀನಾ ಮೂಲದ ಕಲಾವಿದ ಜಾಕಿ ತ್ಸಾಯ್. ಇದರ ಮಾತೃಸಂಸ್ಥೆ ಜೆಂಟಿಂಗ್ ಹಾಂಗ್‌ಕಾಂಗ್ 2022ರ ಜನವರಿಯಲ್ಲಿ ದಿವಾಳಿಯಾಯಿತು. ಅದೇ ವರ್ಷದ ಜೂನ್‌ನಲ್ಲಿ ರೆಸಾರ್ಟ್ಸ್ ವರ್ಲ್ಡ್ ಕ್ರೂಸಸ್ ಎಂಬ ಹೊಸ ಸಂಸ್ಥೆಯಡಿ ಹಡಗು ಸಿಂಗಪುರದಿಂದ ಮತ್ತೆ ಹೊರಟಿತು.

ಈ ಚರಿತ್ರೆಯಿಂದ ನಮಗೇನು ಎಂದು ಕೇಳಬಹುದು. ಹಡಗಿನ ಹೆಸರು, ಒಡೆಯ, ಬಣ್ಣ ಎಲ್ಲ ಬದಲಾಗುತ್ತವೆ. ಬದಲಾಗದ್ದು ಅದರ ಏಳಂಕಿಯ ಐಎಂಒ ಸಂಖ್ಯೆ. ಕಟ್ಟಿದ ದಿನದಿಂದ ಒಡೆದು ಗುಜರಿಗೆ ಹಾಕುವ ದಿನದವರೆಗೂ ಅದೇ. ಆ ಸಂಖ್ಯೆ ಹಿಡಿದು ಹುಡುಕಿದರೆ ‘ಹೊಚ್ಚಹೊಸ ಅನುಭವ’ ಎಂದು ಜಾಹೀರಾತಿನಲ್ಲಿ ಬಂದದ್ದರ ವಯಸ್ಸು ತಿಳಿಯುತ್ತದೆ. ಏಜೆಂಟ್ ಹೇಳದಿದ್ದರೆ ನೀವೇ ಹುಡುಕಿ. ವಯಸ್ಸಾಗಿದೆ ಎಂದು ಬೇಡ ಅನ್ನಬೇಕಾಗಿಲ್ಲ, ಆದರೆ ತಿಳಿದು ಹತ್ತಬೇಕು.

ಈಗ ಗಾತ್ರಕ್ಕೆ ಬರೋಣ. ಎಂಪ್ರೆಸ್ 48,563 ಟನ್, ಜೆಂಟಿಂಗ್ ಡ್ರೀಮ್ 1,50,695 ಟನ್. ಇದನ್ನು ತೂಕ ಎಂದು ತಿಳಿಯುವವರೇ ಹೆಚ್ಚು. ಇದು ಹಡಗಿನೊಳಗೆ ಮುಚ್ಚಿದ ಜಾಗ ಎಷ್ಟಿದೆ ಎಂಬ ಲೆಕ್ಕ. ಹಿಂದೆ ನೂರು ಘನ ಅಡಿಗೆ ಒಂದು ಟನ್ ಎಂದು ಹಿಡಿಯುತ್ತಿದ್ದರು. 1969ರಲ್ಲಿ ದೇಶಗಳು ಮಾಡಿಕೊಂಡ ಒಪ್ಪಂದ 1982ರಲ್ಲಿ ಜಾರಿಗೆ ಬಂದ ಮೇಲೆ ಸೂತ್ರ ಬದಲಾಗಿದೆ. ಅಳೆಯುವುದು ಮಾತ್ರ ಈಗಲೂ ಜಾಗವನ್ನೇ. ಆದ್ದರಿಂದಲೇ ಈ ಅಂಕಿ ನಮಗೆ ಉಪಯೋಗದ್ದು. ಟನ್ನನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ಕೋಣೆಗೆ ಇಬ್ಬರಂತೆ ಲೆಕ್ಕ ಹಿಡಿದರೆ ಎಂಪ್ರೆಸ್‌ನಲ್ಲಿ ಸುಮಾರು 1,600 ಜನ. ತಲೆಗೆ ಬರುವುದು 30. ಜೆಂಟಿಂಗ್ ಡ್ರೀಮ್‌ನಲ್ಲಿ ಸುಮಾರು 3,350 ಜನ, ತಲೆಗೆ 45. ಹಡಗು ಮೂರು ಪಟ್ಟು ದೊಡ್ಡದು, ಆದರೆ ನಿಮ್ಮ ಪಾಲಿಗೆ ಬರುವ ಜಾಗ ಹೆಚ್ಚುವುದು ಒಂದೂವರೆ ಪಟ್ಟು ಮಾತ್ರ. ಬ್ರೋಷರಿನ ‘ತೇಲುವ ನಗರ’ ಎಂಬ ಮಾತಿಗಿಂತ ಈ ಒಂದೂವರೆ ಎಂಬ ಅಂಕಿಯನ್ನು ನಾನು ನಂಬುತ್ತೇನೆ.

ಇಲ್ಲೊಂದು ಸೂಕ್ಷ್ಮವಿದೆ. ಕೋಣೆಗೆ ಇಬ್ಬರು ಎಂಬುದು ಕಂಪನಿಗಳ ವಾಡಿಕೆಯ ಲೆಕ್ಕ. ನಾವು ಪ್ರವಾಸ ಹೋಗುವುದು ಹಾಗಲ್ಲ. ದೀಪಾವಳಿಗೂ ಕ್ರಿಸ್‌ಮಸ್‌ಗೂ ಏಪ್ರಿಲ್ ರಜೆಗೂ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಒಂದೇ ಕ್ಯಾಬಿನ್ ಹಿಡಿಯುತ್ತಾರೆ. ಮೇಲಿನ ಮಡಚು ಹಾಸಿಗೆಗಳೂ ತುಂಬಿದರೆ ಎಂಪ್ರೆಸ್‌ನಲ್ಲಿ ಜನ 2,000 ಮುಟ್ಟಬಹುದು. ಆಗ ತಲೆಗೆ ಬರುವುದು 24. ಬೆಳಗಿನ ತಿಂಡಿಯ ಬಫೆಯಲ್ಲಿ ತಟ್ಟೆ ಹಿಡಿದು ಖಾಲಿ ಮೇಜು ಹುಡುಕುತ್ತ ನಿಲ್ಲುವುದು, ಲಿಫ್ಟ್ ಬಂದರೂ ಹತ್ತಲಾಗದೆ ಬಿಡುವುದು, ಈಜುಕೊಳದ ಪಕ್ಕದ ಕುರ್ಚಿಗೆ ಯಾರೋ ಬೆಳಿಗ್ಗೆಯೇ ಟವೆಲ್ ಹಾಸಿಟ್ಟಿರುವುದು, ಎಲ್ಲ ಈ 24ರ ಫಲ. ಜೆಂಟಿಂಗ್ ಡ್ರೀಮ್ ಕೂಡ ರಜೆಯಲ್ಲಿ ಹೀಗೇ ತುಂಬುತ್ತದೆ, ಸಿಂಗಪುರದ ಶಾಲೆಗಳಿಗೆ ರಜೆ ಬಂದಾಗಲಂತೂ ಇನ್ನಷ್ಟು. ಶಾಲೆಗೆ ಹೋಗುವ ಮಕ್ಕಳಿಲ್ಲದ ಮನೆಯವರು ಜನವರಿ ಕೊನೆಯಲ್ಲೋ ಫೆಬ್ರವರಿಯಲ್ಲೋ ಹೋದರೆ ಅದೇ ಹಡಗು ಬೇರೆಯೇ ಹಡಗಾಗಿ ಕಾಣುತ್ತದೆ.

ಕ್ಯಾಬಿನ್ನಿನ ವಿಷಯಕ್ಕೆ ನಾನು ತುಸು ಹೆಚ್ಚು ಹೊತ್ತು ಕೊಡುತ್ತೇನೆ. ಜನ ಪಶ್ಚಾತ್ತಾಪಪಡುವುದು ಹೆಚ್ಚಾಗಿ ಇಲ್ಲೇ.

ಎಂಪ್ರೆಸ್ ಕಿರು ಪ್ರವಾಸದ ಹಡಗು ಎಂದೆನಲ್ಲ, ಮೂರು ರಾತ್ರಿ ಮಲಗಲು ಎಷ್ಟು ಬೇಕೋ ಅಷ್ಟೇ ಜಾಗ ಕೊಟ್ಟು ಕೋಣೆ ಕಟ್ಟಿದ್ದಾರೆ. ಕಿಟಕಿಯಿಲ್ಲದ ಒಳಕೋಣೆ ನೂರು, ನೂರಿಪ್ಪತ್ತು ಚದರಡಿಯ ಆಸುಪಾಸು. ಕಾಲ ಕೂಡ ಹಾಗಿತ್ತು. ಆಗ ಬಾಲ್ಕನಿ ಎಂಬುದು ಶ್ರೀಮಂತರ ಸ್ವೀಟ್‌ಗಳಿಗೆ ಮೀಸಲು. ಈ ಹಡಗಿನಲ್ಲಿ ಅಂಥ ಕೋಣೆಗಳು ಕೆಲವೇ. ಉಳಿದವರಿಗೆ ತೆರೆಯಲು ಬಾರದ ಕಿಟಕಿ, ಇಲ್ಲವೇ ಅದೂ ಇಲ್ಲ. ಕಾಲು ಶತಮಾನದ ನಂತರ ಬಂದ ಜೆಂಟಿಂಗ್ ಡ್ರೀಮ್‌ನಲ್ಲಿ ಲೆಕ್ಕ ತಿರುಗಿದೆ. ಬಹುಪಾಲು ಕೋಣೆಗಳಿಗೆ ಸ್ವಂತ ಬಾಲ್ಕನಿಯಿದೆ, ಒಳಕೋಣೆಯೂ ನೂರೈವತ್ತು ಚದರಡಿಯ ಹತ್ತಿರಕ್ಕೆ ಬರುತ್ತದೆ.

ಕಾಗದದ ಮೇಲೆ ಚದರಡಿ ಯಾರಿಗೂ ಅರ್ಥವಾಗುವುದಿಲ್ಲ. ಅಕ್ಕನ ಮನೆಯವರು ಈ ಎರಡು ಕೊಟೇಶನ್ ಹಿಡಿದು ಗೊಂದಲದಲ್ಲಿದ್ದಾಗ ನಾವು ಹಾಲ್‌ನಲ್ಲಿ ಸೋಫಾ ಸರಿಸಿ, ಸೀಮೆಸುಣ್ಣದಲ್ಲಿ ಒಂಬತ್ತಡಿಗೆ ಹದಿಮೂರಡಿಯ ಚೌಕ ಎಳೆದೆವು. ಒಂದು ಮೂಲೆಯಲ್ಲಿ ಬಚ್ಚಲಿಗೆಂದು ಐದಡಿಗೆ ನಾಲ್ಕಡಿ ಬಿಟ್ಟು, ಎರಡು ಹಾಸಿಗೆಯಗಲ ಗುರುತುಹಾಕಿ, ಮನೆಯ ದೊಡ್ಡ ಸೂಟ್‌ಕೇಸ್ ತಂದು ತೆರೆದಿಟ್ಟೆವು. ಅಕ್ಕನ ಅತ್ತೆ ಊರುಗೋಲು ಹಿಡಿದು ಹಾಸಿಗೆಯಿಂದ ಬಚ್ಚಲಿನವರೆಗೆ ನಡೆದು ನೋಡಿದರು. ಸೂಟ್‌ಕೇಸ್ ದಾಟಲಾಗಲಿಲ್ಲ. “ರಾತ್ರಿ ದೀಪ ಆರಿಸಿದ ಮೇಲೆ ನಾನು ಬಿದ್ದೇ ಬೀಳ್ತೀನಿ ಮಗಾ” ಎಂದರು. ಭಾವ ಅಲ್ಲೇ ಫೋನ್ ತೆಗೆದು, ನಾಲ್ವರಿಗೆ ಒಂದು ಕ್ಯಾಬಿನ್ ಬೇಡ, ಎರಡು ಬೇಕು ಎಂದು ಏಜೆಂಟರಿಗೆ ಹೇಳಿದರು. ದರ ಏರಿತು. ಅದೇ ಸರಿಯಾದ ದರ.

ಯಾವ ಕ್ಯಾಬಿನ್ ಎಂಬುದಕ್ಕೆ ಡೆಕ್ ಪ್ಲಾನ್ ನೋಡಲೇಬೇಕು. ಪ್ರತಿ ಮಹಡಿಯ ನಕ್ಷೆ ಅದು, ಕಂಪನಿಯವರೇ ಕೊಡುತ್ತಾರೆ. ನಿಮ್ಮ ಕೋಣೆಯನ್ನಷ್ಟೇ ನೋಡಿದರೆ ಸಾಲದು. ಅದರ ಮೇಲಿನ ಮಹಡಿಯ ನಕ್ಷೆ, ಕೆಳಗಿನ ಮಹಡಿಯ ನಕ್ಷೆ ಎರಡನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ನೆತ್ತಿಯ ಮೇಲೆ ಈಜುಕೊಳದ ಡೆಕ್ ಇದ್ದರೆ ನಸುಕಿನಲ್ಲೇ ಕುರ್ಚಿ ಎಳೆಯುವ ಸದ್ದು. ಕೆಳಗೆ ಥಿಯೇಟರ್ ಅಥವಾ ಡಿಸ್ಕೊ ಇದ್ದರೆ ಮಧ್ಯರಾತ್ರಿಯವರೆಗೆ ಡಮ್ ಡಮ್. ತೀರ ಮುಂಭಾಗದಲ್ಲಿ ಲಂಗರು ಇಳಿಸುವಾಗ ಸರಪಳಿಯ ಗಡಗಡ, ತೀರ ಹಿಂಭಾಗದಲ್ಲಿ ಎಂಜಿನ್ನಿನ ನಡುಕ. ಮೇಲೆ ಕೆಳಗೆ ಎರಡೂ ಕಡೆ ಕ್ಯಾಬಿನ್‌ಗಳೇ ಇರುವ ನಡುಭಾಗದ ಕೋಣೆ ಉತ್ತಮ. ಇನ್ನೊಂದನ್ನು ನೆನಪಿಡಿ. ಲೈಫ್‌ಬೋಟ್‌ಗಳನ್ನು ತೂಗಿಹಾಕಿದ ಮಹಡಿಯಲ್ಲಿ ‘ಸೀ ವ್ಯೂ’ ಎಂದು ಮಾರುವ ಕೆಲವು ಕಿಟಕಿಗಳೆದುರು ಸಮುದ್ರದ ಬದಲು ಕಿತ್ತಳೆ ಬಣ್ಣದ ದೋಣಿಯ ಹೊಟ್ಟೆ ಕಾಣುತ್ತದೆ. ದರ ಪಟ್ಟಿಯಲ್ಲಿ ಅದಕ್ಕೆ ‘ನೋಟಕ್ಕೆ ಅಡ್ಡಿ’ ಎಂಬ ಸಣ್ಣ ಗುರುತಿರುತ್ತದೆ. ‘ನಮ್ಮ ಇಷ್ಟದ ಕ್ಯಾಬಿನ್ ಕೊಡ್ತೀವಿ’ ಎಂದು ಕಂಪನಿ ಹೇಳುವ ಅಗ್ಗದ ದರದಲ್ಲಿ ಇಂಥವೇ ಮೊದಲು ಹೋಗುವುದು. ಕ್ಯಾಬಿನ್ ಸಂಖ್ಯೆ ಬರೆದುಕೊಡದ ಬುಕಿಂಗನ್ನು ವಯಸ್ಸಾದವರಿರುವ ಮನೆಯವರು ಒಪ್ಪಲೇಬಾರದು.

ಗೋಡೆಗಳು ಹೆಚ್ಚಾಗಿ ಉಕ್ಕಿನವು. ನಾಲ್ಕು ಅಯಸ್ಕಾಂತದ ಕೊಕ್ಕೆ ಒಯ್ದರೆ ಒದ್ದೆ ಟವೆಲ್, ಟೋಪಿ, ಕೈಚೀಲ ಎಲ್ಲ ಗೋಡೆಗೇರಿ ನೆಲ ಖಾಲಿಯಾಗುತ್ತದೆ.

ಹಡಗು ಓಲಾಡುತ್ತದೆಯೇ ಎಂಬುದು ಹಿರಿಯರ ಮೊದಲ ಪ್ರಶ್ನೆ, ಏಜೆಂಟರ ಉತ್ತರ ಯಾವಾಗಲೂ ‘ಏನೂ ಗೊತ್ತಾಗಲ್ಲ’. ಗೊತ್ತಾಗುತ್ತದೆ, ಎಷ್ಟು ಎಂಬುದು ಹಡಗು, ಸಮುದ್ರ, ತಿಂಗಳು ಮೂರನ್ನೂ ಅವಲಂಬಿಸಿದೆ. ಎರಡು ಹಡಗುಗಳಿಗೂ ನೀರಿನಡಿ ಎರಡು ಬದಿಗೆ ಚಾಚುವ ರೆಕ್ಕೆಗಳಿವೆ, ಸ್ಟೆಬಿಲೈಸರ್ ಎನ್ನುತ್ತಾರೆ. ಅಕ್ಕಪಕ್ಕದ ಹೊಯ್ದಾಟವನ್ನು ಅವು ತಗ್ಗಿಸುತ್ತವೆ, ಮೂತಿ ಎದ್ದು ಬೀಳುವುದನ್ನು ತಗ್ಗಿಸಲಾರವು. 335 ಮೀಟರ್ ಉದ್ದದ ಜೆಂಟಿಂಗ್ ಡ್ರೀಮ್ ಒಂದೇ ಅಲೆಗೆ 211 ಮೀಟರಿನ ಎಂಪ್ರೆಸ್‌ಗಿಂತ ಕಡಿಮೆ ಅಲುಗಾಡುತ್ತದೆ. ಸಾಲದ್ದಕ್ಕೆ ಅದರ ದಾರಿಯ ಹೆಚ್ಚು ಭಾಗ ಮಲಕ್ಕಾ ಜಲಸಂಧಿ. ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲಯ ಪರ್ಯಾಯ ದ್ವೀಪ ಆಸರೆಯಾಗಿರುವುದರಿಂದ ನೀರು ಬಹುಮಟ್ಟಿಗೆ ಶಾಂತ. ಫುಕೆಟ್ ಸಮೀಪಿಸುವಾಗ ಅಂಡಮಾನ್ ಸಮುದ್ರ ಸಿಗುತ್ತದೆ, ಅಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಅಲೆ ಏಳುತ್ತದೆ.

ಅರಬ್ಬಿ ಸಮುದ್ರದ ಸ್ವಭಾವವನ್ನು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ತರಕಾರಿ, ಜಲ್ಲಿ, ಸಿಮೆಂಟು ಹೊತ್ತು ಹೋಗುವ ಮಂಜಿಗಳು ಮುಂಗಾರು ಶುರುವಾದೊಡನೆ ದಡ ಸೇರುತ್ತವೆ. ಎಂಪ್ರೆಸ್ ಮಾಡಿದ್ದೂ ಅದನ್ನೇ. 2022 ಮತ್ತು 2023ರ ಜೂನ್‌ನಲ್ಲಿ ಪಶ್ಚಿಮ ಕರಾವಳಿ ಬಿಟ್ಟು ಚೆನ್ನೈಗೆ ಹೋಗಿ, ಮೊದಲ ವರ್ಷ ವಿಶಾಖಪಟ್ಟಣ, ಪುದುಚೇರಿ, ಮರುವರ್ಷ ಶ್ರೀಲಂಕಾ ಎಂದು ಆ ಕಡೆಯಿಂದ ಓಡಿತು. ನವೆಂಬರಿನಿಂದ ಮಾರ್ಚ್‌ವರೆಗೆ ಅರಬ್ಬಿ ಸಮುದ್ರ ಸೌಮ್ಯ. ತಲೆಸುತ್ತು, ವಾಂತಿಯ ಭಯವಿದ್ದವರು ಆ ತಿಂಗಳುಗಳಲ್ಲಿ, ಕೆಳಮಹಡಿಯ ನಡುಭಾಗದ ಕ್ಯಾಬಿನ್ ಹಿಡಿಯಲಿ. ಓಲಾಟ ಅಲ್ಲಿ ಎಲ್ಲಕ್ಕಿಂತ ಕಡಿಮೆ. ಮೇಲಿನ ಮಹಡಿಗೆ ಹೆಚ್ಚು ಹಣ ಕೊಟ್ಟವರು ಹೆಚ್ಚು ತೂಗುತ್ತಾರೆ. ಮಾತ್ರೆಯನ್ನು ನಿಮ್ಮ ವೈದ್ಯರನ್ನು ಕೇಳಿ ಊರಿನಿಂದಲೇ ಒಯ್ಯಿರಿ.

ರಾತ್ರಿಗಳ ಲೆಕ್ಕ ಇನ್ನೊಂದು ಬಲೆ. ‘2 ರಾತ್ರಿ 3 ದಿನ’ ಎಂದು ಬರೆದಿರುತ್ತದೆ. ಮೊದಲ ದಿನ ಮಧ್ಯಾಹ್ನ ಸಾಲಿನಲ್ಲಿ ನಿಂತು, ಸಾಮಾನು ಕೊಟ್ಟು, ಕಾರ್ಡ್ ಪಡೆದು, ಸುರಕ್ಷತಾ ಅಭ್ಯಾಸ ಮುಗಿಸುವ ಹೊತ್ತಿಗೆ ಸಂಜೆ. ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಬಾಗಿಲಾಚೆ ಇಡಲು ಹೇಳುತ್ತಾರೆ, ಬೆಳಿಗ್ಗೆ ತಿಂಡಿ ಮುಗಿಯುತ್ತಿದ್ದಂತೆ ಕೋಣೆ ಬಿಡಬೇಕು. ಮೂರು ದಿನ ಎಂದದ್ದರಲ್ಲಿ ನಿಜವಾಗಿ ಸಿಕ್ಕಿದ್ದು ಒಂದೇ ಪೂರ್ತಿ ದಿನ. ಬೆಂಗಳೂರಿನಿಂದ ನಾಲ್ಕೂವರೆ ಗಂಟೆ ವಿಮಾನದಲ್ಲಿ ಸಿಂಗಪುರಕ್ಕೆ ಹಾರಿ ಎರಡು ರಾತ್ರಿಯ ಕ್ರೂಸ್ ಮಾಡುವುದು ಹಣಕ್ಕೂ ಮೈಗೂ ಅನ್ಯಾಯ ಎಂದೇ ನನ್ನ ಅನಿಸಿಕೆ. ಒಟ್ಟು ಖರ್ಚನ್ನು ರಾತ್ರಿಗಳಿಂದ ಭಾಗಿಸದೆ ಪೂರ್ತಿ ದಿನಗಳಿಂದ ಭಾಗಿಸಿ. ಎರಡು ರಾತ್ರಿಗೆ ಒಂದು ದಿನ, ಮೂರಕ್ಕೆ ಎರಡು, ಐದಕ್ಕೆ ನಾಲ್ಕು. ಅಗ್ಗ ಎಂದು ಕಂಡದ್ದು ದುಬಾರಿಯಾಗಿ ಹೊರಬೀಳುವುದನ್ನು ಕಣ್ಣಾರೆ ನೋಡಬಹುದು.

ಆ ಪೂರ್ತಿ ದಿನದಲ್ಲಿ ಹಡಗು ಎಲ್ಲಿರುತ್ತದೆ? ಕೆಲವು ದಿನ ಬಂದರಿನಲ್ಲಿ, ಕೆಲವು ದಿನ ಬರೀ ನೀರಿನ ನಡುವೆ. ನೀರಿನ ನಡುವಿನ ದಿನಕ್ಕೆ ಜೆಂಟಿಂಗ್ ಡ್ರೀಮ್ ಸಾಕಷ್ಟು ಸಜ್ಜಾಗಿದೆ: ನೀರಿನ ಜಾರುಬಂಡೆಗಳು, ಹಗ್ಗದ ಸಾಹಸಪಥ, ಬಂಡೆ ಹತ್ತುವ ಗೋಡೆ, ಬೌಲಿಂಗ್, ದೊಡ್ಡ ರಂಗಮಂದಿರ. ಹತ್ತು ಹನ್ನೆರಡರ ಮಕ್ಕಳು ಕ್ಯಾಬಿನ್ನಿಗೆ ಬರುವುದೇ ಇಲ್ಲ. ಎಂಪ್ರೆಸ್‌ನಲ್ಲಿ ಈಜುಕೊಳ, ಬಂಡೆಗೋಡೆ, ಸಂಜೆಯ ಕಾರ್ಯಕ್ರಮಗಳಿವೆ. ಅಲ್ಲಿನ ಮುಖ್ಯ ಸುಖ ಬೇರೆ. ಹಿಂದಿ ಹಾಡು, ಅಂತ್ಯಾಕ್ಷರಿ, ಪಕ್ಕದ ಮೇಜಿನ ನಾಗಪುರದ ಕುಟುಂಬದೊಡನೆ ಮಾತು. ಹನ್ನೊಂದು ಮಹಡಿಗಳ ಹಡಗಾದ್ದರಿಂದ ಅಜ್ಜ ಅಜ್ಜಿಯರು ಅರ್ಧ ದಿನದಲ್ಲಿ ದಾರಿ ಕಲಿಯುತ್ತಾರೆ. ಜೆಂಟಿಂಗ್ ಡ್ರೀಮ್‌ನ ಹದಿನೆಂಟು ಮಹಡಿಗಳಲ್ಲಿ ಮೊಣಕಾಲು ನೋವಿರುವವರಿಗೆ ಊಟದ ಹಾಲಿನಿಂದ ಕ್ಯಾಬಿನ್ನಿಗೆ ನಡೆಯುವ ದೂರವೇ ದೊಡ್ಡದು.

ಬಂದರಿನ ದಿನಕ್ಕೆ ಒಂದು ಪ್ರಶ್ನೆ ಕೇಳಲೇಬೇಕು. ಹಡಗು ದಕ್ಕೆಗೆ ತಾಗಿ ನಿಲ್ಲುತ್ತದೆಯೋ, ಆಳದಲ್ಲಿ ಲಂಗರು ಹಾಕಿ ದೋಣಿಯಲ್ಲಿ ಕಳಿಸುತ್ತದೆಯೋ? ಗೋವಾದ ಮುರ್ಮುಗಾಂವ್, ಕೊಚ್ಚಿಗಳಲ್ಲಿ ದಕ್ಕೆಯಿದೆ, ಮೆಟ್ಟಿಲಿಳಿದು ನಡೆದರಾಯಿತು. ಲಕ್ಷದ್ವೀಪದ ಅಗತ್ತಿಯಲ್ಲಿ ಹವಳದ ದಂಡೆಯಿಂದಾಗಿ ದೊಡ್ಡ ಹಡಗು ಹತ್ತಿರ ಹೋಗಲಾರದು. ಸಣ್ಣ ದೋಣಿಗೆ ದಾಟಬೇಕು. ದೋಣಿ ಏಳುತ್ತ ಬೀಳುತ್ತ ಇರುತ್ತದೆ, ಸಿಬ್ಬಂದಿ ತೋಳು ಹಿಡಿದು ‘ಈಗ’ ಎಂದ ಕ್ಷಣಕ್ಕೆ ಕಾಲೆತ್ತಿ ಇಡಬೇಕು. ಊರುಗೋಲಿನವರಿಗೆ, ಗಾಲಿಕುರ್ಚಿಯವರಿಗೆ ಇದು ಕಷ್ಟ, ಅನೇಕ ಸಲ ಬಿಡುವುದೂ ಇಲ್ಲ. ಗಾಳಿ ಜೋರಾದರೆ ಯಾರನ್ನೂ ಇಳಿಸದೆ ಹಡಗು ಮುಂದೆ ಹೋಗಬಹುದು. ಫುಕೆಟ್‌ನಲ್ಲೂ ದೊಡ್ಡ ಹಡಗುಗಳು ಪಟಾಂಗ್ ಕೊಲ್ಲಿಯಲ್ಲಿ ನಿಂತು ದೋಣಿ ಬಳಸುವುದುಂಟು. ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಕಂಪನಿಯವರೇ ಮಾಡಿಸುತ್ತಾರೆ, ಆದರೆ ದಾಖಲೆಗಳನ್ನು ಮುಂಚೆಯೇ ಕೊಡಬೇಕು.

ಕಾಗದಪತ್ರದ ಮಾತು ಬಂತಲ್ಲ, ಮುಂಬೈಯಿಂದ ದೇಶದೊಳಗಿನ ಪ್ರವಾಸಕ್ಕೆ ಪಾಸ್‌ಪೋರ್ಟ್ ಬೇಡ, ಸರ್ಕಾರಿ ಗುರುತಿನ ಚೀಟಿ ಸಾಕು. ಪಾಸ್‌ಪೋರ್ಟ್ ಇಲ್ಲದ ಅಜ್ಜಿಯನ್ನು ಕರೆದೊಯ್ಯುವ ಮನೆಗೆ ಇದೊಂದೇ ಕಾರಣ ಸಾಕಾಗುತ್ತದೆ. ಸಿಂಗಪುರದ್ದಾದರೆ ಆರು ತಿಂಗಳಾದರೂ ಅವಧಿ ಉಳಿದ ಪಾಸ್‌ಪೋರ್ಟ್, ಸಿಂಗಪುರ ವೀಸಾ, ಅದೂ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಲು ಬರುವಂಥದ್ದು. ಹಡಗು ಮಲೇಷ್ಯಾಕ್ಕೆ ಹೋಗಿ ಮರಳುವಾಗ ನೀವು ಎರಡನೇ ಸಲ ಸಿಂಗಪುರ ಪ್ರವೇಶಿಸುತ್ತಿರುತ್ತೀರಿ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಮಲೇಷ್ಯಾ, ಥಾಯ್ಲೆಂಡ್ ಎರಡೂ 2023ರ ಕೊನೆಯಿಂದ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟಿವೆ. ಇಂಥ ವಿನಾಯಿತಿಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ತಿಂಗಳ ನಿಯಮವನ್ನು ಆಯಾ ದೇಶದ ಅಧಿಕೃತ ತಾಣದಲ್ಲೇ ನೋಡಬೇಕು.

ಊಟದ ಬಗ್ಗೆ ಹೆದರಿಕೆ ಬೇಡ. ಎಂಪ್ರೆಸ್‌ನ ಅಡುಗೆಮನೆ ಭಾರತೀಯ ನಾಲಿಗೆಗೆಂದೇ ನಡೆಯುತ್ತದೆ, ಜೈನರ ಅಡುಗೆಯೂ ಸಿಗುತ್ತದೆ. ಜೆಂಟಿಂಗ್ ಡ್ರೀಮ್‌ನಲ್ಲೂ ಭಾರತೀಯ ಸಸ್ಯಾಹಾರವಿದೆ, ಹಲಾಲ್ ಪ್ರಮಾಣಪತ್ರವೂ ಇದೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಬುಕಿಂಗ್ ಸಮಯದಲ್ಲೇ ಬರೆದು ತಿಳಿಸಲಿ. ಹತ್ತಿದ ಮೇಲೆ ಹೇಳಿದರೆ ಸಿಗುವುದು ಮೊಸರನ್ನ.

ಈಗ ದರ. ಕೊಟೇಶನ್ನಿನ ದೊಡ್ಡ ಅಕ್ಷರದ ಅಂಕಿ ಬರೀ ಹಡಗಿನ ಬಾಡಿಗೆ. ಅದರ ಮೇಲೆ ಪೋರ್ಟ್ ಚಾರ್ಜ್, ತೆರಿಗೆ, ದಿನಕ್ಕೆ ತಲೆಗಿಷ್ಟು ಎಂದು ಕಡ್ಡಾಯವಾಗಿ ಹಿಡಿಯುವ ಸೇವಾಶುಲ್ಕ. ಒಬ್ಬರೇ ಹೋದರೆ ಒಂದು ಕ್ಯಾಬಿನ್ನಿಗೆ ಹೆಚ್ಚುಕಡಿಮೆ ಇಬ್ಬರ ದರ. ವಿದೇಶದ ಪ್ಯಾಕೇಜ್ ಆದರೆ ಏಜೆಂಟರು ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲಿಸುವ ತೆರಿಗೆ, ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ರಸೀದಿ ಜೋಪಾನ. ಮುಖ್ಯ ಊಟದ ಹಾಲುಗಳು ದರದಲ್ಲಿ ಸೇರಿರುತ್ತವೆ; ವಿಶೇಷ ರೆಸ್ಟೊರೆಂಟು, ಮದ್ಯ, ವೈಫೈ, ಬಂದರಿನ ಸುತ್ತಾಟ ಹೆಚ್ಚಾಗಿ ಬೇರೆ. ಎರಡು ಕೊಟೇಶನ್ನುಗಳನ್ನು ಪಕ್ಕಪಕ್ಕ ಇಟ್ಟು, ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಎಂದು ಬರೆಯಿರಿ. ಮುಂಬೈಗೆ ರೈಲೋ ವಿಮಾನವೋ, ಹಿಂದಿನ ರಾತ್ರಿಯ ಹೋಟೆಲು, ಸಿಂಗಪುರದ ಟಿಕೆಟು, ವೀಸಾ, ವಿಮೆ ಎಲ್ಲ ಸೇರಿಸಿ. ಹಡಗು ಹೊರಡುವ ದಿನವೇ ವಿಮಾನದಲ್ಲಿ ಬಂದಿಳಿಯುವ ಯೋಜನೆ ಹಾಕಬೇಡಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ.

ಮೊಬೈಲನ್ನು ದಕ್ಕೆ ಬಿಡುವ ಮುಂಚೆಯೇ ಫ್ಲೈಟ್ ಮೋಡ್‌ಗೆ ಹಾಕಿ. ಕಡಲ ನಡುವೆ ಹಡಗಿನದೇ ನೆಟ್‌ವರ್ಕ್ ಉಪಗ್ರಹದ ಮೂಲಕ ಹಿಡಿಯುತ್ತದೆ, ನಿಮ್ಮ ಸಾಮಾನ್ಯ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸದೆ ಬಿಲ್ ಸಾವಿರಗಟ್ಟಲೆ ಏರಬಹುದು. ಹಡಗಿನ ವೈದ್ಯರೂ ದುಬಾರಿ. ವಿಮೆ ತೆಗೆಸುವಾಗ ಕ್ರೂಸ್ ಎಂಬ ಪದ ಪಾಲಿಸಿಯಲ್ಲಿ ಇದೆಯೇ ನೋಡಿ. ಗರ್ಭಿಣಿಯರನ್ನು ಸಾಮಾನ್ಯವಾಗಿ 24 ವಾರ ತುಂಬಿದ ಮೇಲೆ ಹತ್ತಿಸಿಕೊಳ್ಳುವುದಿಲ್ಲ, ಆರು ತಿಂಗಳಿಗಿಂತ ಚಿಕ್ಕ ಕೂಸಿಗೂ ಅವಕಾಶ ಕಷ್ಟ.

ಹಡಗಿನ ವಯಸ್ಸಿನ ವಿಷಯವನ್ನು ಸುಮ್ಮನೆ ದಾಟಿಸಲಾರೆ. 2013ರ ಫೆಬ್ರವರಿಯಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ‘ಕಾರ್ನಿವಲ್ ಟ್ರಯಂಫ್’ ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಬಿತ್ತು. ಬೆಂಕಿ ಆರಿತು, ಯಾರಿಗೂ ಪ್ರಾಣಾಪಾಯ ಆಗಲಿಲ್ಲ, ಆದರೆ ವಿದ್ಯುತ್ ಹೋಯಿತು. ಸುಮಾರು 4,200 ಜನ ದಿನಗಟ್ಟಲೆ ಕೆಲಸ ಮಾಡದ ಶೌಚಾಲಯಗಳ ನಡುವೆ, ಡೆಕ್ ಮೇಲೆ ಹಾಸಿಗೆ ಹಾಸಿ ಮಲಗಿ, ಟಗ್‌ಗಳು ಎಳೆದುಕೊಂಡು ಬಂದು ಅಲಬಾಮಾದ ಮೊಬೀಲ್ ಬಂದರು ಮುಟ್ಟಿಸುವವರೆಗೆ ಕಾದರು. ಆ ಹಡಗು 1999ರದ್ದು. 2010ರ ಜುಲೈ ನಂತರ ಕಟ್ಟಲು ತೊಡಗಿದ ದೊಡ್ಡ ಪ್ರಯಾಣಿಕ ಹಡಗುಗಳಿಗೆ ಒಂದು ಅಂತರರಾಷ್ಟ್ರೀಯ ನಿಯಮವಿದೆ. ಒಂದು ಭಾಗಕ್ಕೆ ಬೆಂಕಿ ಬಿದ್ದರೂ ನೀರು ನುಗ್ಗಿದರೂ, ನಿಗದಿತ ಮಿತಿಯೊಳಗಿನ ಹಾನಿಯಾದರೆ, ಹಡಗು ತನ್ನದೇ ಶಕ್ತಿಯಿಂದ ಬಂದರಿಗೆ ಮರಳುವಂತಿರಬೇಕು. ಅದಕ್ಕಾಗಿ ಯಂತ್ರಗಳನ್ನು ಬೇರೆಬೇರೆ ಕಡೆ ಇಟ್ಟು ಕಟ್ಟಬೇಕು. ಜೆಂಟಿಂಗ್ ಡ್ರೀಮ್ ಈ ನಿಯಮದ ನಂತರದ್ದು, ಎಂಪ್ರೆಸ್ ಅದಕ್ಕೆ ಇಪ್ಪತ್ತು ವರ್ಷ ಮುಂಚಿನದು.

ಇದರರ್ಥ ಎಂಪ್ರೆಸ್ ಅಪಾಯದ ಹಡಗು ಎಂದಲ್ಲ. ಪ್ರಯಾಣಿಕ ಹಡಗಿನ ಸುರಕ್ಷತಾ ಪ್ರಮಾಣಪತ್ರದ ಅವಧಿ ಒಂದೇ ವರ್ಷ, ಪ್ರತಿ ಸಲವೂ ತಪಾಸಣೆಯಾಗಬೇಕು. ಹಳೆಯ ಹಡಗುಗಳೂ ಬೆಂಕಿ ತಡೆಯ ನಿಯಮಗಳಿಗೆ ಹೊಂದಿಕೊಳ್ಳಲೇಬೇಕು. ದಡದಿಂದ ತೀರ ದೂರ ಹೋಗದ ಕಿರು ಪ್ರವಾಸಕ್ಕೆ ನಾನು ನನ್ನ ಮನೆಯವರನ್ನು ಅದರಲ್ಲಿ ಧೈರ್ಯವಾಗಿ ಕಳಿಸುತ್ತೇನೆ. ಸುರಕ್ಷತಾ ಅಭ್ಯಾಸವನ್ನು ಮಾತ್ರ ಯಾವ ಹಡಗಿನಲ್ಲೂ ತಪ್ಪಿಸಬಾರದು. 2012ರ ಜನವರಿಯಲ್ಲಿ ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾನ್ಕಾರ್ಡಿಯಾ’ ಬಂಡೆಗೆ ಬಡಿದು 32 ಜನ ಸತ್ತಾಗ, ಆ ಸಂಜೆಯಷ್ಟೇ ಹತ್ತಿದವರಿಗೆ ಅಭ್ಯಾಸವೇ ಆಗಿರಲಿಲ್ಲ. ಹಡಗು ಹೊರಡುವ ಮುಂಚೆ ಅಥವಾ ಹೊರಟ ತಕ್ಷಣ ಅದು ನಡೆಯಲೇಬೇಕೆಂದು 2015ರಿಂದ ನಿಯಮವಾಗಿದೆ. ಸೈರನ್ ಆದಾಗ ಎಲ್ಲಿ ಸೇರಬೇಕು ಎಂಬುದು ಕ್ಯಾಬಿನ್ ಬಾಗಿಲ ಹಿಂದೆ ಬರೆದಿರುತ್ತದೆ. ಅಲ್ಲಿಯವರೆಗೆ ಒಮ್ಮೆ ಮೆಟ್ಟಿಲಿನಲ್ಲೇ ನಡೆದು ನೋಡಿ, ಮಕ್ಕಳನ್ನೂ ಕರೆದುಕೊಂಡು.

ನನ್ನನ್ನು ಕೇಳಿದರೆ, ಹಿರಿಯರಿರುವ, ಮೊದಲ ಸಲ ಹತ್ತುವ, ಪಾಸ್‌ಪೋರ್ಟ್ ಇಲ್ಲದ ಮನೆಗೆ ಎಂಪ್ರೆಸ್: ಫೆಬ್ರವರಿಯಲ್ಲಿ, ಮೂರು ರಾತ್ರಿಗೆ ಕಡಿಮೆಯಿಲ್ಲದಂತೆ, ಕಿಟಕಿಯಿರುವ ನಡುಭಾಗದ ಕ್ಯಾಬಿನ್. ಮಕ್ಕಳಿರುವ, ಹೇಗೂ ಸಿಂಗಪುರ ನೋಡಬೇಕೆಂದಿರುವ ಮನೆಗೆ ಜೆಂಟಿಂಗ್ ಡ್ರೀಮ್, ಬಾಲ್ಕನಿಯೊಂದಿಗೆ. ಬಾಲ್ಕನಿಯಿಲ್ಲದೆ ಆ ಹಡಗಿಗೆ ಹೋಗುವುದರಲ್ಲಿ ಅರ್ಥವಿಲ್ಲ. ಹಡಗಿನಿಂದ ಇಳಿದ ಮೇಲೂ ಎರಡು ದಿನ ಸಿಂಗಪುರದಲ್ಲಿ ಉಳಿದರೆ ವಿಮಾನದ ಖರ್ಚು ಸಾರ್ಥಕ. ಹಡಗು ನಿಲ್ಲುವ ಮರೀನಾ ಬೇ ಕ್ರೂಸ್ ಸೆಂಟರಿನ ಹತ್ತಿರವೇ ಮರೀನಾ ಸೌತ್ ಪಿಯರ್ ಮೆಟ್ರೊ ನಿಲ್ದಾಣವಿದೆ.

ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೂ ಮಳೆಗಾಲ ಕಳೆದ ಮೇಲೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಬೆಳಿಗ್ಗೆ ಬಂದು, ಪ್ರವಾಸಿಗರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ಗೋಕರ್ಣನಾಥ, ಗೇರುಬೀಜದ ಕಾರ್ಖಾನೆ ನೋಡಿ ಬಂದೊಡನೆ ಸಂಜೆ ಹೊರಟುಬಿಡುತ್ತವೆ. ದಕ್ಷಿಣ ಕನ್ನಡದವರು, ಹಾಸನ, ಮೈಸೂರಿನವರು ಮುಂಬೈಗೋ ಕೊಚ್ಚಿಗೋ ಹೋಗದೆ ಇಲ್ಲಿಂದಲೇ ಹತ್ತುವಂತಾಗಬೇಕು. ಲಕ್ಷದ್ವೀಪಕ್ಕೆ ಇಷ್ಟು ಹತ್ತಿರದ, ಇಷ್ಟು ಹಳೆಯ ನಂಟಿನ ಬಂದರು ಇದು. ಪ್ರವಾಸೋದ್ಯಮ ಇಲಾಖೆ ಈ ಬೇಡಿಕೆಯನ್ನು ಗಂಭೀರವಾಗಿ ಹಿಡಿಯಬೇಕು.

ಸಹಿ ಹಾಕುವ ಮುಂಚೆ ಕರಾರಿನ ಎರಡು ಕಲಮುಗಳನ್ನು ಓದಿ. ಒಂದು, ರದ್ದು ಮಾಡಿದರೆ ಎಷ್ಟು ದಿನ ಮೊದಲು ಎಷ್ಟು ಹಣ ವಾಪಸು ಎಂಬ ಕೋಷ್ಟಕ. ಹೊರಡುವ ದಿನ ಹತ್ತಿರವಾದಂತೆ ಅದು ಸೊನ್ನೆಗೆ ಇಳಿಯುತ್ತದೆ. ಇನ್ನೊಂದು, ಹವಾಮಾನ ಅಥವಾ ಸುರಕ್ಷತೆಯ ಕಾರಣಕ್ಕೆ ಕಪ್ತಾನರು ಯಾವುದೇ ಬಂದರನ್ನು ಬಿಡಬಹುದು, ಬದಲಿಸಬಹುದು ಎಂಬ ಸಾಲು. ಇದು ಬಹುತೇಕ ಎಲ್ಲ ಕಂಪನಿಗಳ ಕರಾರಿನಲ್ಲೂ ಇರುತ್ತದೆ, ಇರಬೇಕಾದದ್ದೂ ಹೌದು. ಅಗತ್ತಿಯ ಹವಳ ನೋಡುವುದಕ್ಕೆಂದೇ ಹೊರಟವರು ಮಾತ್ರ ಕ್ರೂಸ್ ಬಿಟ್ಟು ಕೊಚ್ಚಿಯಿಂದ ಅಗತ್ತಿಗೆ ವಿಮಾನದಲ್ಲಿ ಹೋಗುವುದು ಮೇಲು.